ಬಿಟ್ಟಿ ಔಷಧಿಯ ಸಾಲು

ನಮ್ಮ ಮನೆಯಲ್ಲಿ ಯಾರೂ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಆಸ್ಪತ್ರೆ ದೂರವಿತ್ತು ಅಂತಲ್ಲ. ನಮ್ಮದು ಕಡೂರು ಸೀಮೆಯ ಒಂದು ಸಂತೆ ಊರು. ಹೆಸರು ಬರೆಯಲು ಈಗಲೂ ನನಗೆ ಮನಸ್ಸು ಬರುವುದಿಲ್ಲ. ಬೀದಿಯ ತುದಿಗೆ ನಿಂತರೆ ಆಸ್ಪತ್ರೆಯ ಕಾಂಪೌಂಡು ಕಾಣುತ್ತಿತ್ತು. ಬೆಳಗಿನ ಬಸ್ಸುಗಳಲ್ಲಿ ಹಳ್ಳಿಗಳಿಂದ ಬಂದವರು, ಕಂಬಳಿ ಹೊದ್ದ ಮುದುಕರು, ಕೂಸನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿದ್ದರು. ಕೆಲವರು ಜಗಲಿಯ ಮೇಲೆ ಕೂತು ನೀರು ಕೇಳುತ್ತಿದ್ದರು. ಅಮ್ಮ ಕೊಡುತ್ತಿದ್ದಳು, ಬೇಸಿಗೆಯಾದರೆ ಮಜ್ಜಿಗೆ. ಅವರು ಎದ್ದು ಹೋದಮೇಲೆ ಜಗಲಿಗೆ ನೀರು ಹಾಕಿ ತೊಳೆಯುತ್ತಿದ್ದಳು. ನಮ್ಮಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಪೇಟೆಯ ಡಾಕ್ಟರು ಸ್ಕೂಟರಿನಲ್ಲಿ ಮನೆಗೇ ಬರುತ್ತಿದ್ದರು. ಕಾಫಿ ಕುಡಿದು ಅವರು ಹೊರಡುವಾಗ ಅಪ್ಪಾಜಿ ಅವರ ಜೇಬಿಗೆ ದುಡ್ಡು ಇಡುತ್ತಿದ್ದರು. ಎಷ್ಟು ಅಂತ ಅವರೂ ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ.

ಅಪ್ಪಾಜಿಗೆ ಕೊಬ್ಬರಿ ಮಂಡಿ ಇತ್ತು. ಸುತ್ತಲಿನ ತೋಟದವರು ತಂದು ಹಾಕಿದ ಕೊಬ್ಬರಿಯನ್ನು ಕೊಂಡು, ಮೂಟೆ ಕಟ್ಟಿಸಿ, ಕಡೂರಿನಿಂದ ರೈಲಿಗೆ ಹಾಕಿ ಉತ್ತರದ ಕಡೆಯ ವ್ಯಾಪಾರಿಗಳಿಗೆ ಕಳಿಸುತ್ತಿದ್ದರು. ಅದರಲ್ಲಿ ಅರ್ಧಕ್ಕೆ ಬಿಲ್ಲು ಇರುತ್ತಿತ್ತು, ಇನ್ನರ್ಧಕ್ಕೆ ಬಿಲ್ಲೂ ಇಲ್ಲ, ತೆರಿಗೆಯೂ ಇಲ್ಲ. ಇದು ಗುಟ್ಟೇನಲ್ಲ. ಪೇಟೆಯಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ನಂಬರ್ ಎರಡು ವ್ಯಾಪಾರ ಅಂತ ಹೆಸರಿಟ್ಟೇ ಮಾತಾಡುತ್ತಿದ್ದರು. "ಸರ್ಕಾರದ್ದು ನಮಗೆ ಬೇಡ, ನಮ್ಮದು ಸರ್ಕಾರಕ್ಕೆ ಬೇಡ" ಎಂದು ಅಪ್ಪಾಜಿ ನೆಂಟರ ಎದುರಿಗೆ ನಗುತ್ತಾ ಹೇಳುತ್ತಿದ್ದರು. ಆ ಮಾತು ನನಗೆ ಬಹಳ ಗತ್ತಿನ ಮಾತಾಗಿ ಕೇಳಿಸುತ್ತಿತ್ತು. ಯಾರ ಹಂಗೂ ಇಲ್ಲದ ಮನೆ ನಮ್ಮದು ಅಂತ ಅನ್ನಿಸುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಾನು ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದೆ. ಸಂಜೆಯಾದರೆ ಸಣ್ಣ ಜ್ವರ ಬರತೊಡಗಿತು. ಕೆಮ್ಮು ಬಿಡಲಿಲ್ಲ. ಅಮ್ಮ ದೊಡ್ಡಪತ್ರೆ ರಸ ಹಿಂಡಿ ಕುಡಿಸಿದಳು, ದೃಷ್ಟಿ ತೆಗೆದಳು. ಪೇಟೆಯ ಡಾಕ್ಟರು ಎರಡು ಸಲ ಔಷಧಿ ಬದಲಾಯಿಸಿ, ಕೊನೆಗೆ ಎಕ್ಸ್‌ರೇ ತೆಗೆಸಿ ಅಂದರು. ಊರಿನವರ ಕಣ್ಣಿಗೆ ಬೀಳಬಾರದು ಅಂತ ಅಪ್ಪಾಜಿ ನನ್ನನ್ನು ತರೀಕೆರೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ತಂಗಿಯ ಮನೆ ಇತ್ತು.

ತರೀಕೆರೆಯ ಡಾಕ್ಟರು ವಯಸ್ಸಾದವರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಹೊರಗೆ ಕಳಿಸದೆ, ನೇರವಾಗಿ ಹೇಳಿದರು. "ಕ್ಷಯ. ಹೆದರ್ಕೋಬೇಡಿ, ಈಗ ವಾಸಿಯಾಗುತ್ತೆ. ಆದ್ರೆ ಒಂದೂವರೆ ವರ್ಷ ಔಷಧಿ ನಿಲ್ಲಿಸಬಾರದು. ಮೊದಮೊದಲು ದಿನಾ ಇಂಜೆಕ್ಷನ್. ನಿಮ್ಮೂರ ಸರ್ಕಾರಿ ಆಸ್ಪತ್ರೇಲೇ ಇದನ್ನೆಲ್ಲ ಬಿಟ್ಟಿ ಕೊಡ್ತಾರಲ್ಲ, ಅಷ್ಟು ದೂರದಿಂದ ಇಲ್ಲಿಗ್ಯಾಕೆ ಬರ್ತೀರಿ?"

"ಅದು ಇಲ್ಲದೋರಿಗೆ ಸಾರ್," ಅಂದರು ಅಪ್ಪಾಜಿ. "ಅವರ ಬಾಯಿಂದ ನಾವು ಕಿತ್ಕೋಬಾರದು. ನಾನು ಕೊಂಡು ಕೊಡ್ತೀನಿ."

ಡಾಕ್ಟರು ಕನ್ನಡಕ ತೆಗೆದು ಅಪ್ಪಾಜಿಯನ್ನು ಗೌರವದಿಂದ ನೋಡಿದ್ದು ನನಗೆ ನೆನಪಿದೆ. ನನಗೂ ಹೆಮ್ಮೆಯಾಯಿತು. ಹೊರಗೆ ಬಂದು ಬೀದಿಯಲ್ಲಿ ನಡೆಯುವಾಗ ಅಪ್ಪಾಜಿ ನನ್ನ ಕಡೆ ನೋಡದೆ ಹೇಳಿದರು, "ಆ ಸಾಲಲ್ಲಿ ಹೋಗಿ ನಿಂತ್ರೆ ನಾಳೆ ನಿನ್ನನ್ನ ಯಾರು ಮಾಡ್ಕೋತಾರೆ?"

ನಾನು ಅತ್ತೆಯ ಮನೆಯಲ್ಲಿ ಉಳಿದೆ. ಊರಲ್ಲಿ ಕೇಳಿದವರಿಗೆ, ತರೀಕೆರೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ ಅಂತ ಹೇಳಿದರು. ಅತ್ತೆ ಕೆಟ್ಟವಳಲ್ಲ. ಆದರೆ ಹಿತ್ತಲಿನ ಕೋಣೆಯಲ್ಲಿ ನನ್ನ ತಟ್ಟೆ ಬೇರೆ, ಲೋಟ ಬೇರೆ, ಬಟ್ಟೆ ಒಗೆಯುವ ಕಲ್ಲೂ ಬೇರೆ. ದಿನಾ ಬೆಳಿಗ್ಗೆ ಇಂಜೆಕ್ಷನ್ನಿಗೆ ಹೋಗುವಾಗ ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದೆ. ಚುಚ್ಚಿ ಚುಚ್ಚಿ ಕೂರಲು ಆಗುತ್ತಿರಲಿಲ್ಲ. ಅತ್ತೆಯ ಮಕ್ಕಳು ಬಾಗಿಲಿನಲ್ಲಿ ಬಂದು ನಿಂತರೆ ಅತ್ತೆ ಒಳಗಿನಿಂದ ಕೂಗುತ್ತಿದ್ದಳು, "ಏಯ್, ಈಚೆ ಬನ್ರೋ." ಮಕ್ಕಳು ಓಡಿಹೋದಮೇಲೆ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಇಂಜೆಕ್ಷನ್ ಮುಗಿದು ಬರೀ ಮಾತ್ರೆಗೆ ಬಂದಾಗ ಮನೆಗೆ ಕರೆತಂದರು. ಅಲ್ಲಿಯೂ ತಟ್ಟೆ ಬೇರೆಯಾಗಿತ್ತು. ಅದನ್ನು ಒಪ್ಪದೆ ಇದ್ದವಳು ಅತ್ತಿಗೆ ಒಬ್ಬಳೇ. ಅಣ್ಣನ ಹೆಂಡತಿ ಅವಳು, ಚೌಳಹಿರಿಯೂರು ಕಡೆಯ ಸಾಧಾರಣ ಬೇಸಾಯದ ಮನೆಯ ಮಗಳು. ಅವಳಿಗೆ ತಂದೆ ಇರಲಿಲ್ಲ, ಅವಳ ಅಣ್ಣನೇ ಮದುವೆ ಮಾಡಿಕೊಟ್ಟಿದ್ದ. ಮೊದಲ ದಿನವೇ ನನ್ನ ತಟ್ಟೆಯನ್ನು ಎಲ್ಲರ ತಟ್ಟೆಯ ಜೊತೆಗೆ ಹಾಕಿ ತೊಳೆದಳು. "ಬಿಸಿನೀರು ಹಾಕಿ ಉಜ್ಜಿದ್ರಾಯ್ತು ಕಣೇ, ಅದಕ್ಕೇನು" ಅಂದಳು. ಪಕ್ಕದ ಮನೆಯಾಕೆ, ಹೊಲಿಗೆ ಕಲಿತು ಬಂದಿದೀಯಲ್ಲ ಅಂತ ನನಗೆ ರವಿಕೆ ಬಟ್ಟೆ ತಂದು ಕೊಟ್ಟಾಗ, ಬಾಗಿಲು ಹಾಕಿಕೊಂಡು ಅದನ್ನು ಹೊಲಿದುಕೊಟ್ಟವಳೂ ಅವಳೇ. ನಮ್ಮ ಅಣ್ಣ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಅವನಿಲ್ಲದ ದಿನಗಳಲ್ಲಿ ನಾವಿಬ್ಬರೂ ನಡುಮನೆಯ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ಅವಳ ಪುಟ್ಟ ಮಗಳು ನಮ್ಮ ಅಮ್ಮನ ಹತ್ತಿರ ಮಲಗುತ್ತಿತ್ತು, ಅಜ್ಜಿಯ ರೂಢಿ ಅದಕ್ಕೆ.

ನಾನು ಸ್ವಲ್ಪ ಮೈ ತುಂಬಿಕೊಂಡೆ. ಕೆಮ್ಮು ನಿಂತಿತು. ಆಗ ಅಜ್ಜಂಪುರದಿಂದ ಒಂದು ಸಂಬಂಧ ಬಂತು. ಹತ್ತಿ, ಈರುಳ್ಳಿ ವ್ಯಾಪಾರದ ಒಳ್ಳೆಯ ಮನೆತನ. ಹುಡುಗಿ ನೋಡಲು ಬರುತ್ತೇವೆ ಅಂದರು. ಮನೆಯ ಗೂಡಿನಲ್ಲಿ ಮಾತ್ರೆಯ ಡಬ್ಬಗಳಿದ್ದವು. "ಈಗ ಚೆನ್ನಾಗೇ ಇದಾಳಲ್ಲ, ಇನ್ಯಾಕೆ ಇವೆಲ್ಲ" ಅಂತ ಅಮ್ಮ ಅವನ್ನು ತೆಗೆದು ಎಲ್ಲೋ ಇಟ್ಟಳು. ಆ ವರ್ಷ ಕೊಬ್ಬರಿ ಧಾರಣೆಯೂ ಬಿದ್ದಿತ್ತು. ಅಪ್ಪಾಜಿ ತರೀಕೆರೆಗೆ ಮತ್ತೆ ಮಾತ್ರೆ ತರಲು ಹೋಗಲಿಲ್ಲ. ಒಂದೂವರೆ ವರ್ಷ ಅಂದಿದ್ದ ಡಾಕ್ಟರ ಮಾತು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಮರೆತಿತ್ತು ಕೂಡ.

ಕೆಲವು ತಿಂಗಳಿಗೆ ನನ್ನ ಕೆಮ್ಮು ಮರಳಿತು. ಅಜ್ಜಂಪುರದವರು ಬಂದು ನೋಡಿ ಒಪ್ಪಿಕೊಂಡು ಹೋಗಿದ್ದರು, ಹಾಗಾಗಿ ಯಾರೂ ಅದರ ಮಾತೆತ್ತಲಿಲ್ಲ. ಅಷ್ಟರಲ್ಲಿ ಅತ್ತಿಗೆಯೂ ಕೆಮ್ಮತೊಡಗಿದ್ದಳು. ಒಂದು ದಿನ ಬೆಳಿಗ್ಗೆ ಒರಳ ಮುಂದೆ ಕೂತು ರುಬ್ಬುತ್ತಿದ್ದವಳು ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಳು. ಸೆರಗು ತೆಗೆದಾಗ ಅದರಲ್ಲಿ ರಕ್ತ. ಅವಳು ಅದನ್ನು ಮಡಚಿಕೊಂಡು ನನ್ನನ್ನು ನೋಡಿದಳು. ಅಮ್ಮ ಒಲೆಯ ಹತ್ತಿರದಿಂದ ಇಬ್ಬರನ್ನೂ ನೋಡುತ್ತಿದ್ದಳು.

ಆ ಮಧ್ಯಾಹ್ನವೇ ತೀರ್ಮಾನವಾಯಿತು. "ಸ್ವಲ್ಪ ದಿನ ತವರಿಗೆ ಹೋಗಿ ಸುಧಾರಿಸ್ಕೊಂಡು ಬರ್ಲಿ," ಅಂದಳು ಅಮ್ಮ. "ಮಗು ಇಲ್ಲೇ ಇರ್ಲಿ." ಅಪ್ಪಾಜಿ ತಲೆಯಾಡಿಸಿದರು. ಅಣ್ಣ ಮನೆಯಲ್ಲೇ ಇದ್ದ. ಅವನು ಚಾವಡಿಯ ಕಂಬಕ್ಕೆ ಒರಗಿ ನಿಂತು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದ. ನನ್ನನ್ನು ತರೀಕೆರೆಗೆ ಕರೆದುಕೊಂಡು ಹೋಗಿ, ಔಷಧಿ ಕೊಂಡು ತಂದು, ಗುಟ್ಟಾಗಿ ವಾಸಿಮಾಡಲು ಹೊರಟ ಮನೆ, ಅವಳನ್ನು ಒಂದು ಟ್ರಂಕಿನ ಜೊತೆ ಚೌಳಹಿರಿಯೂರಿನ ಬಸ್ಸು ಹತ್ತಿಸಿತು. ಮಗಳಿಗಾದರೆ ನಾವು ಖರ್ಚು ಮಾಡಬೇಕು, ಸೊಸೆಗಾದರೆ ಅವಳ ತವರಿನವರು ಮಾಡಬೇಕು. ಇದು ತಪ್ಪು ಅಂತ ಆಗ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿದಂತಿರಲಿಲ್ಲ. ಬೀದಿಯಲ್ಲೂ ಯಾರೂ ಕೇಳಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಮಗು ಒಂದು ವಾರ ಬಾಗಿಲಿನಲ್ಲಿ ಕೂತು ಅತ್ತಿತು. ಆಮೇಲೆ ಸುಮ್ಮನಾಯಿತು.

ಹಾಲು ಕೊಡಲು ಬರುತ್ತಿದ್ದ ಹೆಂಗಸು ಒಂದು ದಿನ ಅಮ್ಮನಿಗೆ ಹೇಳಿದಳು, "ನಿಮ್ಮ ಸೊಸೆಮ್ಮಾರು ಆಸ್ಪತ್ರೆ ತಾವ ಸಾಲಲ್ಲಿ ನಿಂತಿದ್ರಲ್ಲವ್ವಾ. ಬಾಳಾ ಸೊರಗವ್ರೆ."

"ನೀನು ಬೇರೆ ಯಾರನ್ನೋ ನೋಡಿರ್ಬೇಕು," ಅಂದಳು ಅಮ್ಮ. "ಅವಳು ತವರಲ್ಲಿದಾಳೆ."

ಹಾಲಿನವಳು ನನ್ನ ಮುಖ ನೋಡಿದಳು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಅಂಗಡಿಗೆ ಹೋಗುವ ನೆಪ ಹೇಳಿ ಆಸ್ಪತ್ರೆಯ ಕಡೆ ನಡೆದೆ. ಕ್ಷಯದವರಿಗೆ ಔಷಧಿ ಕೊಡುವುದು ಹಿಂಬದಿಯ ಒಂದು ಶೀಟಿನ ಶೆಡ್ಡಿನಲ್ಲಿ. ಹತ್ತು ಹದಿನೈದು ಜನ ಗೋಡೆಯ ನೆರಳಿಗೆ ಅಂಟಿಕೊಂಡು ಸಾಲಾಗಿ ನಿಂತಿದ್ದರು. ನಡುವೆ ಅತ್ತಿಗೆ. ಅವಳ ಊರಿನಲ್ಲಿ ಇಂಜೆಕ್ಷನ್ ಕೊಡುವವರಿಲ್ಲದೆ ನಮ್ಮ ಊರಿಗೇ ಬಸ್ಸಿನಲ್ಲಿ ಬಂದು, ನಮ್ಮ ಬೀದಿ ತಪ್ಪಿಸಿ, ಸಂತೆಮಾಳದ ಮೇಲಿಂದ ಸುತ್ತಿಕೊಂಡು ಬರುತ್ತಿದ್ದಳಂತೆ. ನಾನು ರಸ್ತೆಯಾಚೆಯ ಹೊಂಗೆಮರದ ಕೆಳಗೆ ನಿಂತೆ. ಹೋಗಬೇಕು ಅನ್ನಿಸಿತು, ಕಾಲು ಬರಲಿಲ್ಲ. ಅಷ್ಟು ಹೊತ್ತಿಗೆ ಅವಳೇ ನನ್ನನ್ನು ಕಂಡಳು.

"ಅಲ್ಲಿ ಯಾಕೆ ನಿಂತಿದೀಯ? ಬಾ ಇಲ್ಲಿ," ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

ಹೋದೆ. ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಮೊದಲು ಕೇಳಿದ್ದು ಮಗುವನ್ನು. ಊಟ ಮಾಡ್ತಾಳಾ, ಎಣ್ಣೆ ಹಚ್ತೀಯಾ ತಲೆಗೆ, ನನ್ನ ಕೇಳ್ತಾಳಾ. ಎಲ್ಲಕ್ಕೂ ಹೂಂ ಅಂದೆ. ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಅವಳು ನನ್ನ ತೋಳು ಹಿಡಿದುಕೊಂಡಳು.

"ನೀನೂ ನಿಂತ್ಕೋ ಸಾಲಲ್ಲಿ."

"ಬೇಡ ಅತ್ತಿಗೆ. ಅಪ್ಪಾಜಿಗೆ ಗೊತ್ತಾದ್ರೆ…"

"ಸತ್ರೆ ಗೊತ್ತಾಗಲ್ವಾ?"

ಸಾಲಿನಲ್ಲಿ ನಮ್ಮ ಮುಂದಿದ್ದವನು ತಿರುಗಿ ನೋಡಿ ತಟ್ಟನೆ ಮುಖ ಆಚೆ ಮಾಡಿದ. ನಮ್ಮ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ನಾನು ಚಿಕ್ಕವಳಿದ್ದಾಗಿನಿಂದ ಕಂಡವನು. ಅವನಿಗೂ ಈ ಕಾಯಿಲೆ ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಮರ್ಯಾದೆ ಉಳಿಸಬೇಕು ಅಂತ ಅವನು ಗೋಡೆಯನ್ನೇ ನೋಡುತ್ತಾ ನಿಂತ. ಅವನು ಗುರುತು ಹಿಡಿದು ಮಾತಾಡಿಸಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಕೂತಿದ್ದ ಹೆಲ್ತ್ ವಿಸಿಟರ್ ನಡುವಯಸ್ಸಿನ ಗಂಡಸು, ಗಂಟಲು ದೊಡ್ಡದು. "ಯಾರ ಮನೆ? ತಂದೆ ಹೆಸರೇನು?" ಅಂದ. ಚೌಳಹಿರಿಯೂರಿನ ವಿಳಾಸ ಕೊಟ್ಟುಬಿಡೋಣ ಅಂತ ಯೋಚಿಸುತ್ತಿದ್ದೆ. ಅತ್ತಿಗೆ ನನಗಿಂತ ಮುಂಚೆ ನಮ್ಮ ಮಂಡಿಯ ಹೆಸರು, ಅಪ್ಪಾಜಿಯ ಹೆಸರು, ಬೀದಿ, ಎಲ್ಲ ಹೇಳಿದಳು. ಹಿಂದಿನವರು ಒಬ್ಬರಿಗೊಬ್ಬರು ಏನೋ ಅಂದುಕೊಂಡರು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ.

ಕಫದ ಪರೀಕ್ಷೆಯಲ್ಲಿ ಕಾಯಿಲೆ ಇದೆ ಅಂತ ಬಂತು. ಸುದ್ದಿ ಅಪ್ಪಾಜಿಗೆ ಅದಕ್ಕಿಂತ ಮುಂಚೆಯೇ ಮುಟ್ಟಿತ್ತು.

"ನಾನು ಸತ್ತಿದೀನಾ?" ಅಂದರು. ಅವರು ಕೂಗಲಿಲ್ಲ. "ಬಿಟ್ಟಿ ಔಷಧಿ ತಿನ್ನೋ ಗತಿ ಬಂತಾ ನಮ್ಮ ಮನೆಗೆ?"

"ಕೊಂಡು ತಂದಿದ್ದನ್ನ ನಿಲ್ಲಿಸಿದ್ದು ನೀವೇ ಅಲ್ವಾ ಅಪ್ಪಾಜಿ," ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಅಮ್ಮ ಅಡುಗೆಮನೆಯ ಬಾಗಿಲಿನಲ್ಲಿ ಅಳುತ್ತಾ ನಿಂತಿದ್ದಳು. ಅಪ್ಪಾಜಿ ಎದ್ದು ಹೊರಗೆ ಹೋದರು. ಹದಿನೈದು ದಿನದಲ್ಲಿ ಅಜ್ಜಂಪುರದಿಂದ ಒಬ್ಬರು ಬಂದು, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಅಂತ ಹೇಳಿ, ಕಾಫಿಯನ್ನೂ ಕುಡಿಯದೆ ಹೋದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಸಾಲಿಗೆ ಹೋಗತೊಡಗಿದೆ. ಧೈರ್ಯದಿಂದ ಅಲ್ಲ. ಪ್ರತಿ ಸಲವೂ ತಲೆ ಬಗ್ಗಿಸಿಕೊಂಡು, ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದೆ. ಇಂಜೆಕ್ಷನ್ ಆದಮೇಲೆ ನಾನೂ ಅತ್ತಿಗೆಯೂ ಹೊಂಗೆಮರದ ಕೆಳಗೆ ಕೂತು ಅವಳು ತಂದ ರೊಟ್ಟಿ ತಿನ್ನುತ್ತಿದ್ದೆವು. ಮನೆಗೆ ಬಾ ಅಂತ ಕರೆದರೆ "ಕರೆಯೋರು ಕರೀಲಿ" ಅನ್ನುತ್ತಿದ್ದಳು. ಮನೆಯಲ್ಲಿ ಒಡನಾಡಿದ ಮಕ್ಕಳನ್ನೂ ತೋರಿಸಬೇಕು ಅಂತ ವಿಸಿಟರ್ ಹೇಳಿದ್ದರಿಂದ ಒಂದು ಸಲ ಮಗುವನ್ನು ಎತ್ತಿಕೊಂಡು ಹೋದೆ. ತಾಯಿಯನ್ನು ಕಂಡದ್ದೇ ಮಗು ನನ್ನ ಕಂಕುಳಿಂದ ಜಾರಿ ಓಡಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದಳು. "ಹಿಡ್ಕೊಳೇ, ಹಿಡ್ಕೊ ಅವಳನ್ನ" ಅಂತ ನನಗೆ ಹೇಳುತ್ತಿದ್ದಳು. ಮಗು ಅವಳ ಸೀರೆ ಹಿಡಿಯಲು ಕೈ ಚಾಚಿತ್ತು. ನಾನು ಹಿಡಿದುಕೊಂಡೆ. ಮಗುವಿಗೆ ಏನೂ ಅಂಟಿರಲಿಲ್ಲ. ಆ ಮಾತು ಕೇಳಿದ ಮೇಲೆ ಅತ್ತಿಗೆ ಗೋಡೆಗೆ ಹಣೆಯಿಟ್ಟು ಅತ್ತಳು.

ಮಾರ್ಚ್ ತಿಂಗಳು ಕಳೆದು ಬೇಸಿಗೆ ಜೋರಾದಾಗ ಒಂದು ದಿನ ವಿಸಿಟರ್ ಬಾಗಿಲಿಗೇ ಬಂದು ನಿಂತು, ಔಷಧಿ ಮುಗಿದಿದೆ ಅಂದ. ಹೋದ ವರ್ಷದ ಗ್ರಾಂಟು ಮುಗಿದಿತ್ತು, ಹೊಸದು ಬಂದಿರಲಿಲ್ಲ. ಜಿಲ್ಲೆಗೆ ಬರೆದಿದ್ದರಂತೆ. ಇರುವವರು ಅಂಗಡಿಯಲ್ಲಿ ಕೊಳ್ಳಿ, ಇಲ್ಲದವರು ಬರುವ ವಾರ ಬಂದು ನೋಡಿ ಅಂದ. ಬಿಸಿಲಲ್ಲಿ ಬಂದ ಜನ ಹಾಗೇ ನಿಂತಿದ್ದರು. ಎಮ್ಮೆದೊಡ್ಡಿ ಕಡೆಯಿಂದ ಬರುತ್ತಿದ್ದ ಮುದುಕ ಮುಂದೆ ಬಂದ.

"ಅದ್ಯಾರು ಸ್ವಾಮಿ ಇದಕ್ಕೆಲ್ಲ ದುಡ್ಡು ಕೊಡೋರು? ಅವ್ರನ್ನೇ ಹೋಗಿ ಕೇಳಾನ."

"ನೀನೇ ಕಣಯ್ಯ ಕೊಡೋನು."

"ನಾನಾ?"

"ಬೇಡ ಅಂದ್ರೂ ಬೀಡಿ ಸೇದ್ತೀಯಲ್ಲ, ಬೆಂಕಿಪೊಟ್ಣ ತಗೋತೀಯಲ್ಲ? ಅದರಲ್ಲಿ ಸರ್ಕಾರಕ್ಕೆ ಅಂತ ಇಷ್ಟು ಇರುತ್ತೆ. ಎಲ್ರೂ ಕೊಟ್ಟಿದ್ದು ಕೂಡಿ ಬೆಂಗ್ಳೂರಿಗೆ ಹೋಗಿ, ಅಲ್ಲಿಂದ ಹಂಚ್ಕೊಂಡು ಹಂಚ್ಕೊಂಡು ಇಲ್ಲಿಗೆ ಬರೋ ಹೊತ್ತಿಗೆ ಈ ಒಂದು ಬೀರು ಔಷಧಿ ಆಗುತ್ತೆ. ಕೊಡಬೇಕಾದೋರೆಲ್ಲ ಸರಿಯಾಗಿ ಕೊಟ್ಟಿದ್ರೆ ಎರಡು ಬೀರು ಆಗ್ತಿತ್ತೋ ಏನೋ."

ಮುದುಕ ಸ್ವಲ್ಪ ಯೋಚಿಸಿದ. "ಹಂಗಾದ್ರೆ ಬಿಟ್ಟಿ ಅಲ್ಲ ಇದು."

"ಬಿಟ್ಟಿ ಅಂತ ಯಾರು ಹೇಳಿದ್ರು ನಿಂಗೆ?"

"ಎಲ್ಲಾರೂ ಅಂಗೇ ಅಂತಾರಲ್ಲ ಸ್ವಾಮಿ."

ನಾಲ್ಕಾರು ಜನ ನಕ್ಕರು. ವಿಸಿಟರೂ ನಕ್ಕ. ಅವನು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತಲ್ಲ ಅದು. ನಾನು ಮಾತ್ರ ಸಾಲಿನಲ್ಲಿದ್ದ ಹಮಾಲಿಯ ಕಡೆ ನೋಡಲಾರದೆ ನಿಂತಿದ್ದೆ. ಬಿಲ್ಲಿಲ್ಲದ ಮೂಟೆಗಳನ್ನು ಹೊತ್ತು ಲಾರಿಗೆ ಹಾಕುತ್ತಿದ್ದವನು ಅವನೇ. ಅವನು ಬೀಡಿಯ ಜೊತೆ ಕೊಟ್ಟಿದ್ದ, ಸೀಮೆಎಣ್ಣೆಯ ಜೊತೆ ಕೊಟ್ಟಿದ್ದ. ನಾನು ಇಷ್ಟು ದಿನ ಸಾಲಿನಲ್ಲಿ ತಲೆ ಬಗ್ಗಿಸಿದ್ದು ಕಾಯಿಲೆಗೆ, ಬಗ್ಗಿಸಬೇಕಾಗಿದ್ದದ್ದು ಬೇರೆಯದಕ್ಕೆ ಅನ್ನಿಸಿತು.

ಅಲ್ಲಿಂದ ನೇರ ಮಂಡಿಗೆ ಹೋದೆ. ನಮ್ಮ ಮನೆಯ ಹೆಣ್ಣುಮಕ್ಕಳು ಮಂಡಿಗೆ ಹೋಗುವ ಪದ್ಧತಿ ಇರಲಿಲ್ಲ. ಅಪ್ಪಾಜಿ ಗಾದಿಯ ಮೇಲೆ ಕೂತಿದ್ದರು. ಎದುರಿಗೆ ಹೊರಗಿನ ಇಬ್ಬರು ವ್ಯಾಪಾರಿಗಳು ಕೊಬ್ಬರಿ ಮುರಿದು ನೋಡುತ್ತಿದ್ದರು. ಹಮಾಲಿಯೂ ನನ್ನ ಹಿಂದೆಯೇ ಬಂದು ಕೆಲಸಕ್ಕೆ ನಿಂತಿದ್ದ, ಅವನ ಬೆನ್ನ ಮೇಲೆ ಮೂಟೆ ಇತ್ತು.

"ಆಸ್ಪತ್ರೇಲಿ ಔಷಧಿ ಮುಗ್ದಿದೆ ಅಪ್ಪಾಜಿ. ಅಂಗಡೀಲಿ ತರ್ಬೇಕು."

"ಮನೆಗೆ ನಡಿ. ಸಂಜೆ ತರ್ತೀನಿ."

"ಅತ್ತಿಗೇಗೂ ಬೇಕು."

"ಅವಳಿಗೆ ಅವಳ ಅಣ್ಣ ಇದಾನಲ್ಲ."

"ಅವರ ಕೈಲಿ ಆಗಲ್ಲ."

"ಹಂಗಾದ್ರೆ ಸರ್ಕಾರ ತರಿಸಿಕೊಡುತ್ತೆ ಬಿಡು. ಬಿಟ್ಟಿ ಕೊಡೋರು ಅವರೇ ಅಲ್ವಾ?" ಅಂತ ಹೇಳಿ, ವ್ಯಾಪಾರಿಗಳ ಕಡೆ ನೋಡಿ ನಕ್ಕರು.

ಆ ನಗು ಇಲ್ಲದಿದ್ದರೆ ನಾನು ಸುಮ್ಮನೆ ಮನೆಗೆ ಹೋಗುತ್ತಿದ್ದೆನೇನೋ. "ಸರ್ಕಾರ ಎಲ್ಲಿಂದ ತರುತ್ತೆ ಅಪ್ಪಾಜಿ," ಅಂದೆ. "ನೀವು ಬಿಲ್ಲೇ ಬರೆಯಲ್ವಲ್ಲ."

ಕೊಬ್ಬರಿ ಮುರಿಯುತ್ತಿದ್ದ ಸದ್ದು ನಿಂತಿತು. ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪಾಜಿಯ ಮುಖದಲ್ಲಿ ಕೋಪ ಬರುತ್ತದೆ ಅಂತ ಕಾದೆ. ಬರಲಿಲ್ಲ. ಅವರ ಕಣ್ಣು ಕೆಳಗೆ ಹೋಯಿತು, ಕೈ ಗಾದಿಯ ಅಂಚಿನಲ್ಲಿ ಏನೋ ಹುಡುಕಿತು. ನಾಲ್ಕು ಜನರ ಮಧ್ಯೆ ತಲೆಯೆತ್ತಿ ಬಾಳಿದ ಮನುಷ್ಯ, ಮಗಳ ಬಾಯಿಂದ, ಪರವೂರಿನವರ ಎದುರಿಗೆ, ಆಳಿನ ಎದುರಿಗೆ. ನಾನು ಆಡಿದ್ದು ನಿಜವೇ. ಆದರೂ ಅವರ ಆ ಮುಖವನ್ನು ನೆನೆದರೆ ಈಗಲೂ ನನ್ನ ತಲೆ ಬಗ್ಗುತ್ತದೆ.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸಂಜೆ ಔಷಧಿಯ ಎರಡು ಪೊಟ್ಟಣ ತಂದು ಜಗಲಿಯ ಮೇಲಿಟ್ಟು, "ಒಂದು ಅವಳಿಗೆ ಕಳ್ಸು" ಅಂತ ಅಮ್ಮನಿಗೆ ಹೇಳಿದರು. ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಅಣ್ಣನೇ ಪೊಟ್ಟಣ ತೆಗೆದುಕೊಂಡು ಚೌಳಹಿರಿಯೂರಿಗೆ ಹೋದ. ಮದುವೆಯಾದ ಮೇಲೆ ಹೆಂಡತಿಗೆ ಅವನು ತನ್ನ ಕೈಯಾರೆ ಏನನ್ನಾದರೂ ಕೊಂಡುಹೋಗಿದ್ದು ಅದೇ ಮೊದಲು ಅಂತ ಅತ್ತಿಗೆ ಆಮೇಲೆ ಹೇಳಿದಳು.

ಪೊಟ್ಟಣ ಎರಡೇ ಇದ್ದವು. ಮಂಡಿಯಲ್ಲಿ ಮೂಟೆ ಹೊತ್ತು ನಿಂತಿದ್ದವನ ನೆನಪು ಅಪ್ಪಾಜಿಗೆ ಬರಲಿಲ್ಲ. ಅಷ್ಟು ದೊಡ್ಡ ಮಾತಾಡಿ ಬಂದ ನನಗೂ ಆ ದಿನ ಬರಲಿಲ್ಲ. ಕೆಲವು ವಾರಗಳಾದ ಮೇಲೆ ಆಸ್ಪತ್ರೆಗೆ ಔಷಧಿ ಬಂತು. ಎಮ್ಮೆದೊಡ್ಡಿಯ ಮುದುಕ ಬಂದ, ಉಳಿದವರೂ ಸುಮಾರು ಜನ ಬಂದರು. ಹಮಾಲಿ ಬರಲಿಲ್ಲ. ಮಂಡಿಯಲ್ಲಿ ಕೇಳಿದರೆ, ಕೈಲಾಗದೆ ಹೆಂಡತಿಯ ಊರಿಗೆ ಹೋದ ಅಂದರು. ಪಂಚನಹಳ್ಳಿ ಕಡೆ ಎಲ್ಲೋ.

ನಾನು ವಾಸಿಯಾದೆ, ಅತ್ತಿಗೆಯೂ ವಾಸಿಯಾದಳು. ಅವಳನ್ನು ಕರೆತರಲು ಅಪ್ಪಾಜಿ ಕೊನೆಗೆ ತಾವೇ ಹೋದರು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಎಂಬತ್ತರ ಮೊದಲ ವರ್ಷಗಳಲ್ಲಿ ನನ್ನ ಮದುವೆ ತರೀಕೆರೆಯ ಒಬ್ಬರು ಹೈಸ್ಕೂಲು ಮೇಷ್ಟರ ಜೊತೆ ಆಯಿತು. ಕಾಯಿಲೆಯ ವಿಷಯ ನಾನೇ ಮೊದಲು ಹೇಳಿದೆ. ಅವರು ಒಂದು ವಾರ ಸಮಯ ಕೇಳಿ ಆಮೇಲೆ ಒಪ್ಪಿದರು. ಅಪ್ಪಾಜಿ ಆಮೇಲೆ ಬಿಲ್ಲು ಬರೆದರೋ ಇಲ್ಲವೋ ನಾನು ಕೇಳಲಿಲ್ಲ. ಸರ್ಕಾರದ ಮಾತನ್ನು ಮಾತ್ರ ನೆಂಟರ ಮುಂದೆ ಮತ್ತೆ ಆಡಲಿಲ್ಲ.

ಮದುವೆಯಾದ ಮೂರು ನಾಲ್ಕು ವರ್ಷಕ್ಕೆ ನಾನು ಊರಿಗೆ ಬಂದಿದ್ದಾಗ ಅತ್ತಿಗೆಯೇ ಮಾತು ತೆಗೆದಳು. "ಅವನನ್ನ ನೋಡ್ಕೊಂಡು ಬರೋಣ ಕಣೇ. ನಂಗೆ ಯಾಕೋ ಒಂದೊಂದ್ಸಲ ನೆನಪಾಗ್ತಾನೆ." ಪಂಚನಹಳ್ಳಿಯಲ್ಲಿ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ತೋಟದ ದಾರಿಯಲ್ಲಿ ನಡೆದು ಹೋದೆವು. ಗುಡಿಸಲಿನ ಮುಂದೆ ಅವನ ಹೆಂಡತಿ ಸೋಗೆ ಹೆಣೆಯುತ್ತಾ ಕೂತಿದ್ದಳು. ಹಣೆ ಬರಿದಾಗಿತ್ತು. ನಮ್ಮನ್ನು ಗುರುತಿಸಿ ಗಡಬಡಿಸಿ ಎದ್ದಳು, ಚಾಪೆ ಹಾಸಿದಳು.

"ಆ ಬೇಸ್ಗೇಲೇ ಹೋಗ್ಬಿಟ್ರು ಕಣ್ರವ್ವಾ," ಅಂದಳು.

"ಔಷಧಿ ಮತ್ತೆ ಬಂದಿತ್ತಲ್ಲ," ಅಂದಳು ಅತ್ತಿಗೆ ಮೆಲ್ಲಗೆ.

"ಮುಗೀತು ಅಂದ್ರಂತೆ. ಮತ್ತೆ ಬಂತು ಅಂತ ನಮಗ್ಯಾರು ಹೇಳಾರು?" ಅವಳ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದಳು. "ನಿಮ್ಮಪ್ಪಾರು ದೊಡ್ಡೋರು ಕಣವ್ವ. ಸುದ್ದಿ ತಿಳಿದ ದಿನವೇ ಆಳಿನ ಕೈಲಿ ದುಡ್ಡು ಕಳ್ಸಿದ್ರು. ಮಣ್ಣು ಮಾಡಾಕೆ, ತಿಥಿ ಊಟಕ್ಕೆ, ಎಲ್ಲಾದಕ್ಕೂ ಆಯ್ತು. ಯಾವ ಸಾವ್ಕಾರ ಹಿಂಗೆ ಮಾಡ್ತಾನೆ ಹೇಳಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಅದುಮಿ ಬೇಡ ಅಂತ ತಲೆಯಾಡಿಸಿದಳು. ಆ ಹೆಂಗಸು ಒಳಗೆ ಹೋಗಿ ಬೆಲ್ಲ, ನೀರು ತಂದಳು. ಹೊರಡುವಾಗ ಬೇಡ ಬೇಡ ಅಂದರೂ ಕೇಳದೆ ಎರಡು ತೆಂಗಿನಕಾಯಿ ತಂದು ನನ್ನ ಚೀಲಕ್ಕೆ ಹಾಕಿದಳು. "ಅಪ್ಪಾರಿಗೆ ಕೊಡಿ, ನಾನು ಕೊಟ್ಟೆ ಅಂತ ಹೇಳಿ" ಅಂದಳು. ತೋಟದ ಬೇಲಿಯವರೆಗೂ ಬಂದು, ನಾವು ರಸ್ತೆ ಸೇರುವ ತನಕ ಅಲ್ಲೇ ನಿಂತಿದ್ದಳು. ನಾವಿಬ್ಬರೂ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.